ಎಂಟು ಮಂದಿಗೆ ಒಂದು ಟವೆಲ್

"ಏ ರೇವಿ, ಕೈ ಸತ್ತಾವೇನ ನಿನ್ನವು? ನೀ ಒಂದು ರೊಟ್ಟಿ ಬಡಿಯೂದ್ರಾಗ ಉಳದಾಕ್ಯಾರು ಮೂರು ಮುಗಿಸ್ಯಾರ. ಹೇಸಿ ರಂಡೇರನ್ನ ತಂದು ಕುಂದರ್ಸ್ಕೊಂಡೀನಿ ನೋಡು, ಎಲ್ಲಾ ನನ್ನ ನಸೀಬ!"

ಗಿರಿಜಾಬಾಯಿ ಮನೆಗೂ ಶೆಡ್ಡಿಗೂ ನಡುವಿನ ಹೊಸ್ತಿಲಿನ ಆಚೆ ನಿಂತು ಬೈಯುತ್ತಿದ್ದಳು. ಈಚೆ ಕಾಲಿಡುವ ರೂಢಿ ಅವಳಿಗಿಲ್ಲ. ಪತ್ರಾಸಿನ ತಗಡು ಹೊದಿಸಿದ ಶೆಡ್ಡಿನೊಳಗೆ ಎಂಟು ಒಲೆ ಒಟ್ಟಿಗೆ ಉರಿಯುವಾಗ ಒಳಗೆ ಬಂದರೆ ಮುಖಕ್ಕೆ ಹಚ್ಚಿದ ಪೌಡರು ನಿಲ್ಲುವುದಿಲ್ಲ. ಅವಳ ಬೆನ್ನ ಹಿಂದೆ ಆಳೆತ್ತರದ ಫ್ಯಾನು ತಿರುಗುತ್ತಿತ್ತು. ಅದರ ಮುಖ ಮನೆಯ ಕಡೆಗಿತ್ತು. ಶೆಡ್ಡಿನ ಕಡೆ ತಿರುಗಿಸಿದರೆ ಒಲೆ ಆರುತ್ತದಂತೆ.

ರೇವಮ್ಮ ತಲೆ ಎತ್ತಲಿಲ್ಲ. ಜೋಳದ ಹಿಟ್ಟು ಲಟ್ಟಣಿಗೆಗೆ ಬಗ್ಗುವುದಲ್ಲ. ಕುದಿಯುವ ಎಸರು ಹೊಯ್ದು ಅಂಗೈಯಲ್ಲಿ ನಾದಬೇಕು, ಅಂಗೈಯಲ್ಲಿ ಮಿದಿಯಬೇಕು, ಅಂಗೈಯಲ್ಲೇ ಬಡಿದು ಪರಾತದ ತಟ್ಟೆಯ ಅಗಲಕ್ಕೆ ತೆಳ್ಳಗೆ ಬಿಡಿಸಬೇಕು. ಆ ಬಲ ಅಂಗೈಯ ಹೆಬ್ಬೆರಳ ಬುಡದಲ್ಲಿ ಗೋಲಿಯಷ್ಟು ಕುರು ಎದ್ದು ಮೂರು ದಿನವಾಗಿತ್ತು. ಬೆರಳ ಸಂದಿಗಳಲ್ಲಿ ಹಳದಿ ಹಕ್ಕಳೆ ಕಟ್ಟಿತ್ತು. ಒಂದೊಂದು ಪೆಟ್ಟಿಗೂ ನೋವು ಮೊಣಕೈ ತನಕ ಹೋಗಿ ಬರುತ್ತಿತ್ತು. ನೋವಿರುವ ಜಾಗ ತಪ್ಪಿಸಿ ಬೆರಳ ತುದಿಯಲ್ಲಿ ಬಡಿದರೆ ರೊಟ್ಟಿಯ ಅಂಚು ಸೀಳುತ್ತಿತ್ತು. ಅಂಚು ಸೀಳಿದ ರೊಟ್ಟಿ ಪ್ಯಾಕೆಟ್ಟಿಗೆ ಹೋಗುವುದಿಲ್ಲ. ಹೋಗದ ರೊಟ್ಟಿಗೆ ಕೂಲಿ ಇಲ್ಲ.

"ಕೈಯಾಗ ಕೀವು ತುಂಬ್ಯಾದ್ರಿ ಬಾಯಾರ," ಎಂದಳು ಪಕ್ಕದ ಒಲೆಯ ಶುಭಾಂಗಿ. ಮದುವೆಯಾಗಿ ಎರಡು ವರ್ಷ ಆಗಿರದ ಹುಡುಗಿ, ಬಾಯಿಗೆ ಬೀಗ ಇಲ್ಲ.

"ಉಷ್ಣದ ಗುಳ್ಳಿ ಅವು. ಒಲಿ ಮುಂದ ಕುಂತ ಮ್ಯಾಲ ಉಷ್ಣ ಆಗಲಾರದ ತಂಪ ಆಗ್ತದೇನ? ಬಡಿ, ಬಡಿ."

ಅಷ್ಟು ಹೇಳಿ ಗಿರಿಜಾಬಾಯಿ ಫ್ಯಾನಿನ ಗಾಳಿಗೆ ಸೆರಗು ಹಾರಿಸುತ್ತ ಒಳಗೆ ಹೋದಳು.

ಅಕ್ಕಲಕೋಟೆಯ ದೇವಸ್ಥಾನಕ್ಕೆ ಪುಣೆ, ಮುಂಬಯಿಯಿಂದ ಬರುವ ಭಕ್ತರು ಪ್ರಸಾದದ ಜೊತೆ ಕಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಒಯ್ಯುತ್ತಾರೆ. ಅದನ್ನು ನೋಡಿಯೇ ಗಿರಿಜಾಬಾಯಿಯ ಮಗ ಸೋಮೇಶ ತಮ್ಮ ಅಕ್ಕಲಕೋಟೆಯ ಮನೆಯ ಹಿತ್ತಲಿಗೆ ಪತ್ರಾಸು ಹೊದಿಸಿ ಈ ಶೆಡ್ಡು ಮಾಡಿದ್ದ. ಪ್ಯಾಕೆಟ್ಟಿನ ಮೇಲೆ ಮರಾಠಿಯಲ್ಲಿ 'ಆಯೀಚಾ ಹಾತ' ಎಂದು ಬರೆಸಿದ್ದ. ತಾಯಿಯ ಕೈ ಎಂದು ಅರ್ಥ. ಕೆಳಗೆ ಹಸಿರು ಬಳೆ ತೊಟ್ಟ, ದುಂಡನೆಯ, ಒಂದು ಗೀರೂ ಇಲ್ಲದ ಕೈಯ ಫೋಟೋ. ಅದು ಸೋಮೇಶನ ಹೆಂಡತಿಯ ಕೈ. ಆ ಕೈ ಇವತ್ತಿನ ತನಕ ಜೋಳದ ಹಿಟ್ಟು ಮುಟ್ಟಿಲ್ಲ ಎಂಬುದು ಶೆಡ್ಡಿನ ಎಂಟೂ ಹೆಂಗಸರಿಗೆ ಗೊತ್ತಿತ್ತು.

ಇನ್ನೊಂದೂ ಗೊತ್ತಿತ್ತು. ಗಿರಿಜಾಬಾಯಿಯ ಮನೆಯವರದು ಮೂಲತಃ ಸೊಲ್ಲಾಪುರದ ಪೇಟೆಯಲ್ಲಿ ಟವೆಲ್ ವ್ಯಾಪಾರ. ಅಜ್ಜನ ಕಾಲದಿಂದ ಅದೇ ಅಂಗಡಿ. ಗಂಟು ಗಂಟು ಟವೆಲ್ ಲಾರಿಗೆ ಏರಿ ದೇಶದ ತುಂಬ ಹೋಗುತ್ತವೆ. ಶೆಡ್ಡಿನ ಗೋಡೆಯ ಮೊಳೆಗೆ ಮಾತ್ರ ಒಂದೇ ಟವೆಲ್ ನೇತಾಡುತ್ತಿತ್ತು, ನೀಲಿ ಗೆರೆಯದು. ಎಂಟು ಹೆಂಗಸರು ಬೆವರು ಒರೆಸಿಕೊಳ್ಳುವುದು ಅದಕ್ಕೇ, ಕೈ ಒರೆಸುವುದು ಅದಕ್ಕೇ, ಕುರು ಒಡೆದರೆ ಒತ್ತಿಕೊಳ್ಳುವುದೂ ಅದಕ್ಕೇ. ಮೊದಲು ಶುಭಾಂಗಿಯ ಉಗುರ ಬದಿಗೆ ಬಾವು ಬಂತು. ವಾರ ಕಳೆಯುವುದರಲ್ಲಿ ಎಂಟೂ ಜನರ ಕೈಗೆ ಬಂತು. ಇಬ್ಬರಿಗೆ ಗಲ್ಲದ ಮೇಲೂ ಎದ್ದಿತ್ತು.

ಕುರು ಏಳುವ ಮೊದಲೇ, ಹಕ್ಕಳೆ ಕಟ್ಟಿದ ದಿನವೇ, ಒಂದು ದಿನದ ಕೂಲಿ ಬಿಟ್ಟು ಸೊಲ್ಲಾಪುರದ ದೊಡ್ಡ ದವಾಖಾನೆಗೆ ಹೋಗಿ ಬಂದವಳು ರೇವಮ್ಮ ಒಬ್ಬಳೇ. ಪೂನಮ ಎಂಬ ಹರೆಯದ ಡಾಕ್ಟರ್ ಅವಳ ಕೈಯನ್ನು ದೀಪದ ಕೆಳಗೆ ಹಿಡಿದು ನೋಡಿದ್ದಳು. ಮೂಗು ಮುಚ್ಚಿಕೊಳ್ಳದೆ ತನ್ನ ಕೈ ಮುಟ್ಟಿದ ಓದಿದ ಹೆಣ್ಣನ್ನು ರೇವಮ್ಮ ಅದೇ ಮೊದಲು ಕಂಡದ್ದು. ಅಷ್ಟಕ್ಕೇ ಅವಳ ಕಣ್ಣು ತುಂಬಿ ಬಂದವು.

"ಮಾವಶಿ, ಇದು ಉಷ್ಣ ಅಲ್ಲ. ಕಣ್ಣಿಗಿ ಕಾಣಲಾರದ ಜಂತು ತೊಗಲಾಗ ಹೊಕ್ಕಾವ. ಈ ಮಲಮ ತಗೋರಿ. ಬಿಸಿನೀರು, ಸಾಬಾಣ ಹಚ್ಚಿ ಹಕ್ಕಳಿ ಮೆತ್ತಗ ತೊಳೀರಿ. ಆಮ್ಯಾಲ ದಿನಾ ಮೂರು ಸಲ ತೆಳ್ಳಗ ಹಚ್ರಿ. ಏಳು ದಿನ. ನಡುವ ಬಿಡಬ್ಯಾಡ್ರಿ."

"ಏಳು ದಿನಾನೂ ರೊಟ್ಟಿ ಬಡೀಬಹುದಲ್ರಿ ಅಕ್ಕಾರ?"

ಡಾಕ್ಟರ್ ಅವಳ ಮುಖ ನೋಡಿದಳು. "ಯಾರಿಗಿ ಬಡೀತೀರಿ?"

"ಮಾರೂ ರೊಟ್ಟಿರಿ."

"ಬ್ಯಾಡ ಬ್ಯಾಡ. ವಾಸಿ ಆಗೂ ತನಕ ಹಿಟ್ಟಿನ್ಯಾಗ ಕೈ ಇಡಬ್ಯಾಡ್ರಿ. ತಿಂದವರಿಗಿ ವಾಂತಿ ಭೇದಿ ಆದೀತು. ನಿಮ್ಮ ಟವೆಲ್ ಬ್ಯಾರೆ ಇರ್ಲಿ, ಇನ್ನೊಬ್ಬರು ಮುಟ್ಟಬಾರದು. ಬಾವು ಏರಿ ಕೈ ಮ್ಯಾಲ ಕೆಂಪು ಗೆರಿ ಬಂತಂದ್ರ, ಜ್ವರ ಬಂತಂದ್ರ, ಕೆಲಸ ಅಲ್ಲೇ ಒಗದು ಓಡಿ ಬರ್ರಿ. ಮಲಮದಾಗ ಅದು ನಿಲ್ಲಂಗಿಲ್ಲ."

ಕಿರುಬೆರಳಿನಷ್ಟು ಸಣ್ಣ ಟ್ಯೂಬನ್ನು ಸೀರೆಯ ಸೆರಗಿಗೆ ಗಂಟು ಕಟ್ಟಿಕೊಂಡು ರೇವಮ್ಮ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಮರುದಿನ ಶೆಡ್ಡಿಗೆ ಬಂದವಳೇ, ಒಲೆ ಹೊತ್ತಿಸುವ ಮೊದಲು, ಏಳೂ ಜನರನ್ನು ಸಾಲಾಗಿ ಕೂರಿಸಿದಳು.

ವಾಗದರಿಯ ಕುರಿಗಾರರ ಮನೆಯ ಹೆಣ್ಣು ಅವಳು. ಬೀರೋಬನ ಗುಡಿಯಲ್ಲಿ ಭಂಡಾರದ ಅರಿಶಿನ ಪುಡಿ ಹಂಚುವಾಗ ಚಿಟಿಕೆ ಸಣ್ಣದಾದರೂ ಚಿಂತೆಯಿಲ್ಲ, ಒಂದು ಹಣೆಯೂ ತಪ್ಪಬಾರದು. ಹಟ್ಟಿಗೆ ಬಂದ ಬೆಲ್ಲದ ಅಚ್ಚು ಇರಲಿ, ಬೇಟೆಗೆ ಸಿಕ್ಕ ಮೊಲ ಇರಲಿ, ಇದ್ದವರಿಗೆಲ್ಲ ಒಂದೊಂದು ಪಾಲು. ಒಬ್ಬಳೇ ತಿಂದವಳನ್ನು ಅವರ ಹಟ್ಟಿಯಲ್ಲಿ ಮನುಷ್ಯಳೆಂದು ಎಣಿಸುವುದಿಲ್ಲ. ಹೀಗಿರುವಾಗ ಎಂಟು ಕೈಗೂ ಒಂದೇ ಬ್ಯಾನೆ ಇದ್ದು, ಮದ್ದನ್ನು ಒಬ್ಬಳೇ ಸೆರಗಿನಲ್ಲಿ ಕಟ್ಟಿಕೊಂಡಿರುವುದು ಅವಳಿಗೆ ಆಗದ ಮಾತು.

"ಹಣಿ ಅಲ್ಲ, ಕೈ ಚಾಚ್ರಿ," ಎಂದು ನಗುತ್ತ ಬೆರಳ ತುದಿಯಷ್ಟು ಮಲಾಮು ಒಬ್ಬೊಬ್ಬರಿಗೂ ಹಚ್ಚಿದಳು. ಅವತ್ತು ಬೆಳಿಗ್ಗೆ ಹಚ್ಚಿದಳು, ಮಧ್ಯಾಹ್ನ ಹಚ್ಚಿದಳು. ಸಂಜೆ ಟ್ಯೂಬು ಸುರುಳಿ ಸುತ್ತಿ ಹಿಂಡಿದರೂ ಏನೂ ಬರಲಿಲ್ಲ. ಅವಳ ಮನಸ್ಸು ಮಾತ್ರ ತುಂಬಿತ್ತು. ಮದ್ದು ಹಚ್ಚಿದ ಕೈಗಳನ್ನೆಲ್ಲ ಮತ್ತೆ ಅದೇ ನೀಲಿ ಗೆರೆಯ ಟವೆಲಿಗೆ ಒರೆಸಿಕೊಂಡದ್ದು ಅವರಾರಿಗೂ ತಪ್ಪೆಂದು ಕಾಣಲಿಲ್ಲ. ಬೇರೆ ಟವೆಲ್ ಇದ್ದರಲ್ಲವೇ.

ಎರಡು ದಿನ ಉರಿ ಕಡಿಮೆಯಾಯಿತು. ನಾಲ್ಕನೆಯ ದಿನ ರೇವಮ್ಮನ ಹೆಬ್ಬೆರಳ ಬುಡದಲ್ಲಿ ಈ ಕುರು ಎದ್ದಿತು. ಉಳಿದವರದೂ ಒಬ್ಬೊಬ್ಬರದಾಗಿ ಹೊಸದಾಗಿ ಎದ್ದಿತು.

*

ರವಿವಾರ ಶೆಡ್ಡಿಗೆ ರಜೆ. ವಾಗದರಿಯ ಮನೆಯ ಮುಂದೆ ಗಂಡ ಧರೆಪ್ಪ ಒಂದು ಟಗರನ್ನು ಕೆಡವಿ ತೊಡೆಯ ಸಂದಿಯಲ್ಲಿ ಅದರ ಕುತ್ತಿಗೆ ಹಿಡಿದಿದ್ದ. ಉಣ್ಣೆ ಕತ್ತರಿಸುವಾಗ ಆದ ಗಾಯ ಹುಣ್ಣಾಗಿತ್ತು. ಅದನ್ನು ತೊಳೆದು, ಒರೆಸಿ, ಔಷಧಿ ಮೆತ್ತಿ, ಟಗರನ್ನು ಹಿಂಡಿನಿಂದ ದೂರ ಬೇವಿನ ನೆರಳಿಗೆ ಕಟ್ಟಿದ. ಅದಕ್ಕೆ ಬೇರೆ ಮೇವು, ಬೇರೆ ಬೋಗುಣಿಯಲ್ಲಿ ನೀರು.

"ಎಷ್ಟು ದಿನ ಹಿಂಗ ಕಟ್ತೀರಿ ಇದಕ?" ಎಂದಳು ರೇವಮ್ಮ.

"ಮಾಯೂ ತನಕ. ಎಂಟು ದಿನ ಹಿಡಿ. ಹಿಂಡಿನ್ಯಾಗ ಬಿಟ್ರ ಎಲ್ಲಾವಕ್ಕೂ ಹತ್ತತದ."

"ಇದಕ ಹಚ್ಚಿದ್ದು ಅರ್ಧಾ ಇನ್ನೊಂದಕ್ಕೂ ಹಚ್ಚಿದ್ರ?"

ಧರೆಪ್ಪ ಅವಳನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದ. "ಅರ್ಧಾ ಹಚ್ಚಿದ್ರ ಎರಡೂ ಸಾಯ್ತಾವ. ಒಳಗಿಂದು ಸಾಯಲಿಲ್ಲಂದ್ರ ಮತ್ತಿಷ್ಟು ಜೋರಾಗಿ ಏಳ್ತದ. ಕುರಿಗಾರನ ಮಗಳಾಗಿ ಇಷ್ಟು ತಿಳಿಯೂದಿಲ್ಲೇನ ನಿನಗ?"

ರೇವಮ್ಮ ಬಲಗೈ ಮುಂದೆ ಚಾಚಿದಳು. ಧರೆಪ್ಪ ಟಗರನ್ನು ಬಿಟ್ಟು ಹತ್ತಿರ ಬಂದ. ಬಾವು ಮಣಿಕಟ್ಟಿನ ತನಕ ಇಳಿದಿತ್ತು. ಅವನು ದೇವರ ಚೀಲಕ್ಕೆ ಕೈ ಹಾಕಿ ಭಂಡಾರ ತೆಗೆದ. ಬ್ಯಾನೆ ಬಂದಾಗಲೆಲ್ಲ ಅವನ ಕೈ ಮೊದಲು ಹೋಗುವುದು ಅಲ್ಲಿಗೇ. ಹಣೆಗೆ ಹಚ್ಚಿದ. ಹುಣ್ಣಿಗೆ ಹಚ್ಚಲು ಹೋದಾಗ ಅವಳು ಕೈ ಹಿಂದೆ ತೆಗೆದಳು.

"ಟಗರಿಗಿ ಔಷಧಿ, ನನಗ ಭಂಡಾರ ಏನ್ರಿ?"

ಅವನು ಭಂಡಾರವನ್ನು ಮತ್ತೆ ಚೀಲಕ್ಕೆ ಹಾಕಿದ. ರೇವಮ್ಮ ಬೇವಿನ ನೆರಳಿನಲ್ಲಿ ಕಾಲು ಚಾಚಿ ಮಲಗಿ ಮೆಲುಕು ಹಾಕುತ್ತಿದ್ದ ಟಗರನ್ನು ನೋಡುತ್ತ ನಿಂತಳು. ಹೊಟ್ಟೆಕಿಚ್ಚಾಯಿತು ಅವಳಿಗೆ. ಟಗರಿಗೆ! ಆಮೇಲೆ ತನ್ನ ಮೇಲೆಯೇ ಸಿಟ್ಟು ಬಂತು. ಡಾಕ್ಟರ್ ಬಾಯಿ ಬಿಟ್ಟು ಹೇಳಿದ್ದು ಇದನ್ನೇ. ಹಂಚಬೇಕಾಗಿದ್ದು ಆ ಒಂದು ಟ್ಯೂಬನ್ನಲ್ಲ. ಎಂಟು ಟ್ಯೂಬು ಕೇಳಬೇಕಾಗಿತ್ತು.

*

ಸೋಮವಾರ ಒಲೆ ಹೊತ್ತಿಸುವ ಮೊದಲೇ ರೇವಮ್ಮ ಹೊಸ್ತಿಲ ಹತ್ತಿರ ಹೋಗಿ ನಿಂತಳು. ಗಿರಿಜಾಬಾಯಿ ಚಹಾ ಕುಡಿಯುತ್ತಿದ್ದಳು. ಸೋಮೇಶ ಮೊಬೈಲಿನಲ್ಲಿ ಮುಳುಗಿದ್ದ.

"ಬಾಯಾರ, ಡಾಕ್ಟರು ಹೇಳ್ಯಾರ. ಎಂಟೂ ಮಂದಿಗಿ ಏಳು ದಿನ ಸೂಟಿ ಬೇಕು, ಪಗಾರ ಹಿಡೀಬ್ಯಾಡ್ರಿ. ಎಲ್ಲಾರಿಗೂ ಒಂದೊಂದು ಮಲಮ, ಒಂದೊಂದು ಟವೆಲ್ ಬೇಕು. ಈ ಕೈಲೇ ಬಡದದ್ದು ತಿಂದ್ರ ಮಂದಿಗಿ ವಾಂತಿ ಭೇದಿ ಆಗ್ತದಂತ."

ಗಿರಿಜಾಬಾಯಿ ಚಹಾದ ಬಟ್ಟಲನ್ನು ತಟ್ಟೆಯ ಮೇಲೆ ಕುಕ್ಕಿದಳು.

"ಕೇಳಿದೇನೋ ಸೋಮ್ಯಾ? ಕುರಿ ಕಾಯೂ ಬೋಸುಡಿ ನನಗ ಡಾಕ್ಟರಕಿ ಹೇಳಾಕ ಬಂದಾಳ! ಆ ರೋಗ ತಂದಾಕಿನೇ ನೀನು. ನಿಮ್ಮ ಕುರಿ ಉಚ್ಚಿ, ನಿಮ್ಮ ಹೊಲಸು ಉಣ್ಣಿ ಎಲ್ಲಾ ಮೈಗಿ ಬಡ್ಕೊಂಡು ಬರ್ತಿ. ದೇವರ ಭಕ್ತರು ತಿನ್ನೂ ರೊಟ್ಟಿಗಿ ನಿನ್ನಂಥಾಕೀನ ಹಚ್ಚಿದ್ದು ನಂದೇ ತಪ್ಪು."

"ಮಲಮದ್ದು ನೋಡೋಣು," ಎಂದ ಸೋಮೇಶ ತಲೆ ಎತ್ತದೆ. "ನಾಳಿ ಪುಣೆದಿಂದ ನಿತಿನ ಸಾಹೇಬ್ರು ಬರ್ತಾರ. ಎರಡು ದೊಡ್ಡ ದುಕಾನ ಅವರವು. ಆರ್ಡರ ಸಿಗೂ ತನಕ ಯಾವ ಸೂಟಿನೂ ಇಲ್ಲ."

"ಮತ್ತ ರೋಗ ಅಂತೀರಲ್ರಿ? ಮೊನ್ನಿ ಉಷ್ಣ ಅಂದಿದ್ರಿ."

ಗಿರಿಜಾಬಾಯಿ ಮಗನ ಮುಖ ನೋಡಿದಳು. ಆಮೇಲೆ ದನಿ ಇಳಿಸಿ, ಮುದ್ದು ಮಾಡುವವಳ ಹಾಗೆ ಹೇಳಿದಳು. "ಉಷ್ಣನೇ ಅದ. ಅಂಟೂದಲ್ಲ, ಹತ್ತೂದಲ್ಲ. ನಾಳಿ ಅವರು ಬಂದಾಗ ಕೈ ತುಂಬ ಒಣಾ ಹಿಟ್ಟು ಹಚ್ಕೊಂಡು ಕುಂದರ್ರಿ. ಗುಳ್ಳಿ ಕಾಣಂಗಿಲ್ಲ. ಟವೆಲ್ ಏನಾಗ್ಯಾದ? ಒಗದದ್ದೇ ಅದ. ಸ್ವಚ್ಛ ಅದ. ಬ್ಯಾಡಾದ್ರ ವಾಗದರಿ ಬಸ್ಸು ಹನ್ನೊಂದಕ ಅದ. ಹೊರಗ ಇಪ್ಪತ್ತು ಮಂದಿ ನಿಂತಾರ ಈ ಕೆಲಸಕ್ಕ."

ರೇವಮ್ಮ ತಿರುಗಿ ಬಂದು ಪರಾತದ ಮುಂದೆ ಕುಳಿತಳು. ಏಳು ಜನರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಏನಂದಳ ಅಕ್ಕಾ, ಆ ಹಾಟ್ಗಳ್ಳಿ?" ಎಂದಳು ಶುಭಾಂಗಿ.

"ಹಿಟ್ಟು ಹಚ್ಚಿ ಮುಚ್ಚರಿ ಅಂದಳ."

ಶುಭಾಂಗಿ ನೆಲಕ್ಕೆ ಉಗುಳಿದಳು. ಅವಳ ಕಣ್ಣಲ್ಲಿ ನೀರಿತ್ತು. ರೇವಮ್ಮ ಅವಳ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಶುಭಾಂಗಿ ಪಕ್ಕದವಳಿಗೆ ಹೇಳಿದಳು. ಮಾತು ಎಂಟನೆಯ ಒಲೆಯ ತನಕ ಹೋಯಿತು. ಎಲ್ಲರೂ ಮತ್ತೆ ರೊಟ್ಟಿ ಬಡಿಯತೊಡಗಿದರು.

*

ಮಂಗಳವಾರ ಶೆಡ್ಡಿನ ನೆಲ ತೊಳೆದಿದ್ದರು. ಎಂಟೂ ಜನರ ತಲೆಗೆ ಬಿಳಿ ಟೋಪಿ ಬಂದಿತ್ತು. ಹೊಸ್ತಿಲ ಆಚೆ ಪ್ಯಾಕೆಟ್ಟುಗಳನ್ನು ಗೋಪುರದಂತೆ ಪೇರಿಸಿ, ಹಸಿರು ಬಳೆಯ ಕೈ ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿ ಇಟ್ಟಿದ್ದರು. ರೇವಮ್ಮನಿಗೆ ಬೆಳಗಿನಿಂದ ಮೈ ಬಿಸಿಯಾಗಿತ್ತು. ಬಸ್ಸಿನಲ್ಲಿ ಕೂತಾಗ ಮಣಿಕಟ್ಟಿನಿಂದ ಮೇಲಕ್ಕೆ ಒಂದು ತೆಳ್ಳನೆಯ ಕೆಂಪು ಗೆರೆ ಹೊರಟದ್ದನ್ನು ಅವಳು ನೋಡಿಕೊಂಡಿದ್ದಳು. ಡಾಕ್ಟರ್ ಹೇಳಿದ ಗೆರೆಯೇ. ನೋಡಿ ಸೆರಗಿನಿಂದ ಮುಚ್ಚಿಕೊಂಡಳು. ಸೊಲ್ಲಾಪುರಕ್ಕೆ ಮಧ್ಯಾಹ್ನ ಒಂದು ಬಸ್ಸಿದೆ. ಅದಕ್ಕೆ ಎಂಟೂ ಜನ ಹತ್ತುವುದೆಂದು ನಿನ್ನೆಯೇ ಮಾತಾಗಿತ್ತು. ಅದಕ್ಕಿಂತ ಮೊದಲು ಇಲ್ಲಿ ಒಂದು ಕೆಲಸ ಉಳಿದಿತ್ತು.

ನಿತಿನ ಬಂದ. ಇಸ್ತ್ರಿ ಹಾಕಿದ ಅಂಗಿ, ಒಳ್ಳೆಯ ಮನುಷ್ಯನ ಮುಖ. ಸೋಮೇಶ ಕೊಟ್ಟ ರೊಟ್ಟಿಯ ತುಂಡನ್ನು ಚಟ್ನಿಗೆ ಅದ್ದಿ ಬಾಯಿಗೆ ಹಾಕಿಕೊಂಡು ಕಟಕಟ ಅಗಿದ.

"ವಾ! ಮಸ್ತ!" ಎಂದ.

"ಸಗಳಂ ಹಾತಾನೇ, ಸರ್. ಮಶೀನ ನಾಹೀ," ಎಂದ ಸೋಮೇಶ ಮರಾಠಿಯಲ್ಲಿ. ಎಲ್ಲಾ ಕೈಯಿಂದಲೇ, ಮಶೀನಿಲ್ಲ. ತಾಯಿ ಮಕ್ಕಳಿಗೆ ರೊಟ್ಟಿ ಬಡಿದ ಹಾಗೆ.

ನಿತಿನ ಮೊಬೈಲು ತೆಗೆದ. ಈ ಕೈಗಳದೊಂದು ವಿಡಿಯೋ ಬೇಕು, ಗಿರಾಕಿಗಳಿಗೆ ತೋರಿಸುತ್ತೇನೆ ಎಂದು ಹೊಸ್ತಿಲು ದಾಟಲು ಹೋದ. ಸೋಮೇಶ ಅಡ್ಡ ಬಂದ. ಒಳಗೆ ಬಿಸಿ ಬಹಳ, ಮನೆಯಲ್ಲಿ ಹೆಂಡತಿ ಬಡಿದು ತೋರಿಸುತ್ತಾಳೆ, ಅಲ್ಲಿ ಬೆಳಕೂ ಚೆನ್ನಾಗಿದೆ ಎಂದು ಗಡಬಡಿಸಿದ.

ಆಗ ರೇವಮ್ಮ ಎದ್ದಳು.

ಎಸರಿಗೆಂದು ಕಾಸಿದ ನೀರು ಪಾತ್ರೆಯಲ್ಲಿತ್ತು. ಅದಕ್ಕೆ ತಣ್ಣೀರು ಬೆರೆಸಿ, ಯಾವ ಗಡಿಬಿಡಿಯೂ ಇಲ್ಲದೆ, ಡಾಕ್ಟರ್ ಹೇಳಿದಂತೆ ಮೆತ್ತಗೆ ಎರಡೂ ಕೈ ತೊಳೆದುಕೊಂಡಳು. ಬಿಳಿ ಹಿಟ್ಟು ಇಳಿದು ಹೋಯಿತು. ಕೈ ಕಂಡಿತು. ಹಳದಿ ಹಕ್ಕಳೆ, ಬಾಯಿ ಬಿಟ್ಟ ಕುರು, ಊದಿದ ಮಣಿಕಟ್ಟು, ಅದರ ಮೇಲಿನ ಕೆಂಪು ಗೆರೆ.

ನಿತಿನನ ದವಡೆ ನಿಂತಿತು. ಬಾಯೊಳಗಿನ ತುತ್ತು ನುಂಗಬೇಕೋ ಉಗುಳಬೇಕೋ ಅವನಿಗೆ ತಿಳಿಯಲಿಲ್ಲ. "ಹೇ ಕಾಯ ಝಾಲಂ?" ಎಂದ ಹೇಗೋ. ಏನಾಗಿದೆ ಇದು?

"ಕಾಹೀ ನಾಹೀ, ಸಾಹೇಬ," ಏನೂ ಆಗಿಲ್ಲ ಎನ್ನುತ್ತ ಗಿರಿಜಾಬಾಯಿ ಓಡಿ ಬಂದಳು. "ಉಷ್ಣ ಆಹೇ, ಉಷ್ಣ. ಒಲಿ ಮುಂದಿನ ಗುಳ್ಳಿ. ಅಂಟೂದಲ್ಲ, ಏನಲ್ಲ. ಏ ರೇವಿ, ಕೂಡು ಕೆಳಗ! ನಿಮ್ಮೌನ, ಕೂಡಂದ್ನಿ!"

ರೇವಮ್ಮ ಮೊಳೆಯಿಂದ ಟವೆಲ್ ತೆಗೆದಳು. ನೀಲಿ ಗೆರೆಗಳ ನಡುವೆ ಕೀವಿನ ಕಲೆ, ರಕ್ತದ ಕಲೆ ಒಣಗಿ ಬಿರುಸಾಗಿತ್ತು. ಅದನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಹೊಸ್ತಿಲು ಬಂತು. ಈ ಶೆಡ್ಡಿನ ಕೆಲಸಕ್ಕೆ ಬಂದ ಆರು ವರ್ಷದಲ್ಲಿ ಅವಳು ಅದನ್ನು ದಾಟಿರಲಿಲ್ಲ. ದಾಟಿದಳು. ಫ್ಯಾನಿನ ಗಾಳಿ ಮೊದಲ ಸಲ ಅವಳ ಮುಖಕ್ಕೆ ಬಡಿಯಿತು.

"ಹೌದ್ರಿ ಬಾಯಾರ. ಉಷ್ಣನೇ ಅದ. ಅಂಟೂದಲ್ಲ, ಹತ್ತೂದಲ್ಲ. ಟವೆಲ್ಲೂ ಸ್ವಚ್ಛ ಅದ ಅಂದೀರಿ." ಅವಳು ಟವೆಲನ್ನು ಗಿರಿಜಾಬಾಯಿಯ ಮುಂದೆ ಚಾಚಿದಳು. "ನಿಮಗೂ ಬೆವರು ಬಂದದ ನೋಡ್ರಿ. ತಗೋರಿ. ಮಾರಿ ಒರಸ್ಕೊರಿ."

ಗಿರಿಜಾಬಾಯಿ ಹಿಂದೆ ಸರಿದಳು. ಬೆನ್ನು ಪ್ಯಾಕೆಟ್ಟಿನ ಗೋಪುರಕ್ಕೆ ತಾಗಿತು. ಹಸಿರು ಬಳೆಯ ಕೈಗಳು ಒಂದರ ಮೇಲೊಂದು ಜಾರಿ ನೆಲಕ್ಕೆ ಬಿದ್ದವು. ರೊಟ್ಟಿಗಳು ಒಳಗೊಳಗೇ ಮುರಿದವು.

"ದೂರ ಸರಿ! ಸರಿ ದೂರ! ಸೋಮ್ಯಾ, ಹಿಡಿಯೋ ಈಕೀನ!"

ಸೋಮೇಶ ಹಿಡಿಯಲು ಕೈ ಮುಂದೆ ಮಾಡಿದ. ರೇವಮ್ಮನ ತೋಳು ನೋಡಿದ. ಕೈ ಹಿಂದೆ ತೆಗೆದುಕೊಂಡ.

"ಯಾಕ್ರಿ ಸಣ್ಣ ಸಾಹುಕಾರ? ಉಷ್ಣಕ್ಕ ಹೆದರ್ತೀರೇನು?" ಒಳಗಿನಿಂದ ಶುಭಾಂಗಿಯ ದನಿ ಬಂತು. ಅವಳೂ ಪರಾತದಿಂದ ಕೈ ತೆಗೆದು ತೊಳೆದುಕೊಂಡು ಎದ್ದಿದ್ದಳು. ಪುಣೆಯವನಿಗೆ ತಿಳಿಯಲೆಂದು ಮರಾಠಿಯಲ್ಲೇ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಎಂಟು ಮಂದಿ ಇದ್ದೇವೆ. ಎಂಟೂ ಮಂದಿಗೆ ಇದೇ ಬ್ಯಾನೆ. ಎಂಟು ಮಲಾಮು, ಎಂಟು ಟವೆಲ್, ಏಳು ದಿನ ಕೇಳಿದೆವು. ಹಿಟ್ಟು ಹಚ್ಚಿ ಮುಚ್ಚಿಕೊಳ್ಳಿ ಎಂದರು. ನೀವು ಈಗ ತಿನ್ನುತ್ತಿರುವುದು ಆ ಹಿಟ್ಟನ್ನೇ.

ನಿತಿನ ಮೂಲೆಗೆ ಹೋಗಿ ಬಾಯಲ್ಲಿದ್ದದ್ದನ್ನು ಉಗುಳಿದ.

ಶೆಡ್ಡಿನಲ್ಲಿ ಬಡಿಯುವ ಸದ್ದು ಒಂದೊಂದಾಗಿ ನಿಂತಿತು. ಮೂರು, ನಾಲ್ಕು, ಐದು, ಆರು, ಏಳು. ಕೊನೆಯ ಒಲೆಯ ಮುದುಕಿಯೂ ಕೈ ತೊಳೆದುಕೊಂಡಳು. ಎಲ್ಲರೂ ಬಿಳಿ ಟೋಪಿ ಕಿತ್ತು ಹಿಟ್ಟಿನ ಮೇಲೆ ಒಗೆದು ಹೊಸ್ತಿಲಿಗೆ ಬಂದು ನಿಂತರು. ಒದ್ದೆ ಕೈಗಳನ್ನು ಯಾರೂ ಸೀರೆಗೆ ಒರೆಸಿಕೊಳ್ಳಲಿಲ್ಲ. ಮುಂದೆ ಚಾಚಿ ಹಿಡಿದರು. ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಎಂಟು ಹಂಚಿನ ಮೇಲೆ ಎಂಟು ರೊಟ್ಟಿ ಸೀದು ಕರ್ರಗಾಗತೊಡಗಿದವು. ತಿರುವಿ ಹಾಕುವವರು ಇರಲಿಲ್ಲ. ಹೊಗೆ ಎದ್ದು ಹೊಸ್ತಿಲು ದಾಟಿ ಮನೆಯೊಳಕ್ಕೆ ನುಗ್ಗಿತು. ಗಿರಿಜಾಬಾಯಿಗೆ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬಂತು, ಮುಖದ ಪೌಡರು ಗೆರೆ ಗೆರೆಯಾಗಿ ಇಳಿಯಿತು.

ರೇವಮ್ಮ ಟವೆಲ್ ಹಿಡಿದ ಕೈಯನ್ನು ಇಳಿಸಲಿಲ್ಲ.

"ಒರಸ್ಕೊರಿ," ಎಂದಳು ಮತ್ತೊಮ್ಮೆ.